ಬೆಳಕು ಹಾಕುವ ಕಲಾಯಿ



ಪಿಂಗಾಣಿಯ ಕುಲಕ್ಕೆ ಸೇರಿದ ಗಡಸು ವಸ್ತುಗಳನ್ನು ಉಕ್ಕಿನ ಮೇಲೆ ಕೂದಲೆಳೆಗಿಂತ ಎಷ್ಟೋ ತೆಳುವಾಗಿ ಹೊದಿಸುವ ವಿದ್ಯೆಯೊಂದಿದೆ. ಅದನ್ನು 'ಸ್ಪಂದಿತ ಲೇಸರ್ ನಿಕ್ಷೇಪಣ' ಎಂದು ಕರೆದು ಕೈತೊಳೆದುಕೊಳ್ಳಬಹುದು. ಆದರೆ ಆ ಮಾತು ಕೇಳಿದ ನಮ್ಮ ದೋರನಹಳ್ಳಿಯವರ ಕಣ್ಣಿಗೆ ಏನೂ ಕಟ್ಟದು. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ, 'ಕಲಾಯಿ'ಯಿಂದ ಹೊರಡುವುದೇ ಉಚಿತವೆನಿಸುತ್ತದೆ.

ಕಲಾಯಿಯವನು ತಿದಿಯೊತ್ತಿ, ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ತವರ ಮುಟ್ಟಿಸಿ ಅರಳೆಯಿಂದ ಒರೆಸಿದೊಡನೆ ಒಳಮೈ ಬೆಳ್ಳಗಾಗುತ್ತಿದ್ದುದನ್ನು ಶಹಾಪುರ ಸೀಮೆಯ ಹಿರಿಯರು ಬಲ್ಲರು. ತವರ 232 ಡಿಗ್ರಿಗೇ ಕರಗುವ ಸಾಧು ಲೋಹ. ಟೈಟೇನಿಯಂ ನೈಟ್ರೈಡಿಗೆ ಸುಮಾರು 2900 ಡಿಗ್ರಿ ಬೇಕು. ಅಷ್ಟರೊಳಗೆ ಉಕ್ಕೇ ನೀರಾಗಿರುತ್ತದೆ. ಪಾತ್ರೆಯೇ ಕರಗಿದ ಮೇಲೆ ಕಲಾಯಿ ಯಾವುದಕ್ಕೆ?

ಆದುದರಿಂದ ಇಲ್ಲಿ ಕರಗಿಸಿ ಬಳಿಯುವ ಮಾತಿಲ್ಲ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಗಡಸು ವಸ್ತುವಿನದೊಂದು ಬಿಲ್ಲೆ, ಅದರೆದುರು ಕಾಯಿಸಿದ ಫಲಕ. ಕಿಂಡಿಯಿಂದ ಬರುವ ನೇರಳಾತೀತ ಲೇಸರ್ ಬೆಳಕು ಬಿಲ್ಲೆಯನ್ನು ಬಡಿಯುತ್ತದೆ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತೋ ಮೂವತ್ತೋ ಪಾಲು, ಅಷ್ಟೇ ಒಂದು ಬಡಿತದ ಆಯುಷ್ಯ! ಕಾವು ಒಳಗಿಳಿಯಲು ವೇಳೆಯೆಲ್ಲಿ? ಮೇಲ್ಮೈ ಮಾತ್ರ ಸಿಡಿದು ಆವಿಯಾಗಿ, ಹೊಳೆಯುವ ಗರಿಯಂತೆ ಎದ್ದು, ಫಲಕದ ಮೇಲೆ ನೆಲೆಸುತ್ತದೆ. ಸಾಮಾನ್ಯವಾಗಿ ಒಂದು ಬಡಿತಕ್ಕೆ ಒಂದು ಪರಮಾಣುವಿನಷ್ಟು ದಪ್ಪವೂ ಬೆಳೆಯದು. ಸಾವಿರಾರು ಬಡಿತ ಬೇಕು. ಬಿಲ್ಲೆಯಲ್ಲಿದ್ದ ಧಾತುಗಳ ಪ್ರಮಾಣ ಪದರದಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಉಳಿಯುವುದು ಇದರ ಹೆಚ್ಚುಗಾರಿಕೆ.

ಲೇಸರ್ ಹುಟ್ಟಿದ್ದು 1960ರಲ್ಲಿ. 1965ರಲ್ಲಿಯೇ ಅದರಿಂದ ಪದರ ಬೆಳೆಸಿ ನೋಡಿದವರಿದ್ದರು. ವಿದ್ಯೆಗೆ ಹೆಸರು ಬಂದದ್ದು 1987ರಲ್ಲಿ, ಅಮೆರಿಕದ ಬೆಲ್‌ಕೋರ್ ಪ್ರಯೋಗಶಾಲೆಯಲ್ಲಿ ಟಿ. ವೆಂಕಟೇಶನ್ ಮತ್ತು ಸಂಗಡಿಗರು ಅತಿವಾಹಕ ಪದರಗಳನ್ನು ಬೆಳೆಸಿದಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ, ಎಸ್.ಬಿ. ಕೃಪಾನಿಧಿ ಮೊದಲಾದವರು ಇದೇ ದಾರಿಯಲ್ಲಿ ಆಕ್ಸೈಡು ಪದರಗಳನ್ನು ಬೆಳೆಸಿದರು. ಅಲ್ಲಿ ಬೇಕಾಗಿದ್ದುದು ಗಡಸುತನಕ್ಕಿಂತ ಹೆಚ್ಚಾಗಿ ವಿದ್ಯುತ್ತಿನ ಗುಣ.

ಕುಂದುಗಳೂ ಉಂಟು. ಆವಿಯ ಜೊತೆ ಕರಗಿದ ಹನಿಗಳು ಹಾರಿ ಪದರವನ್ನು ಉರುಟಾಗಿಸುತ್ತವೆ. ಕಲಾಯಿಯವನ ಅರಳೆ ಪಾತ್ರೆಯ ಮೂಲೆಮೂಲೆಗೂ ಹೋಗಿಬರುತ್ತಿತ್ತು. ಈ ಗರಿಯೋ ತನ್ನೆದುರಿಗಿದ್ದ ಅಂಗೈಯಗಲವನ್ನು ಸಮನಾಗಿ ಮುಚ್ಚಿದರೆ ದೊಡ್ಡದು. ಅದಕ್ಕಾಗಿಯೇ ಅಂಗಡಿಯಲ್ಲಿ ಸಿಗುವ ಹೊಂಬಣ್ಣದ ಬೈರಿಗೆ ಮೊನೆಗಳಿಗೆ ಟೈಟೇನಿಯಂ ನೈಟ್ರೈಡ್ ಹೊದಿಸುವವರು ಸಾಮಾನ್ಯವಾಗಿ ಲೇಸರಿನ ಗೊಡವೆಗೆ ಹೋಗದೆ, ವಿದ್ಯುತ್ ಕಿಡಿಯಿಂದ ಲೋಹವನ್ನು ಆವಿಯಾಗಿಸುವಂಥ ಬೇರೆ ಉಪಾಯಗಳನ್ನು ಹಿಡಿಯುತ್ತಾರೆ.