ಮನೆಗೆ ಒಂದು ಅಚ್ಚಿನ ಚಿತ್ರ



ಮನೆ ಕಟ್ಟಿಸುವ ಗೃಹಸ್ಥರು ಪ್ರತಿಯೊಂದು ವಿಷಯದಲ್ಲಿಯೂ ಬಹಳ ವಿಚಾರ ಮಾಡುತ್ತಾರೆ. ಕಲ್ಲು ಯಾವ ಗಣಿಯದು, ಮರ ಯಾವ ಜಾತಿಯದು, ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ಹತ್ತು ಮಂದಿಯನ್ನು ಕೇಳುತ್ತಾರೆ. ಆದರೆ ಗೋಡೆಯ ಮೇಲೆ ಯಾವ ಚಿತ್ರವನ್ನು ತೂಗಹಾಕಬೇಕೆಂಬ ಪ್ರಶ್ನೆ ಬಂದಾಗ ಆ ವಿಚಾರಶಕ್ತಿಯೆಲ್ಲ ಎಲ್ಲಿ ಅಡಗುತ್ತದೆಯೋ ತಿಳಿಯದು. ಕುರ್ಚಿಯ ಬಣ್ಣಕ್ಕೆ ಹೊಂದುವ ಒಂದು ಚಿತ್ರವನ್ನು ಅಂಗಡಿಯವನೇ ಆರಿಸಿ ಕೊಡುತ್ತಾನೆ. ನಾವು ತಂದು ಮೊಳೆ ಹೊಡೆಯುತ್ತೇವೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಕಡೆಯ ಊರುಗಳಲ್ಲಿ ಎಷ್ಟೋ ಹೊಸ ಮನೆಗಳು ಎದ್ದಿವೆ. ಅಲ್ಲಿ ಬೆಳೆಯುವ ಮಕ್ಕಳು ದಿನವೂ ನೋಡತಕ್ಕ ಚಿತ್ರ ಎಂಥದಾಗಿರಬೇಕೆಂಬುದು ಸಣ್ಣ ಮಾತಲ್ಲ. ಆದುದರಿಂದ ಈ ಹೊತ್ತು ಅದನ್ನು ಕುರಿತು ಸ್ವಲ್ಪ ಆಲೋಚಿಸೋಣ.

ಹೆಸರಾಂತ ಕಲಾವಿದರ ಮೂಲಚಿತ್ರವನ್ನು ಕೊಳ್ಳುವುದು ನಮ್ಮಂಥವರಿಗೆ ಸಾಧ್ಯವಲ್ಲ. ನಮಗೆ ದೊರೆಯುವುದು ಅಚ್ಚಿನ ಪ್ರತಿ. ಪ್ರತಿಯೆಂದ ಮಾತ್ರಕ್ಕೆ ಹೀನವೆಂದು ಭಾವಿಸಬೇಕಾಗಿಲ್ಲ. ಪಂಪನ ಓಲೆಗರಿಯನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಅಚ್ಚಿನ ಪುಸ್ತಕದಲ್ಲಿಯೇ ನಾವು ಆ ಕಾವ್ಯವನ್ನು ಓದಿ ಸಂತೋಷಪಡುತ್ತೇವೆ. ಆದರೆ ಕಾವ್ಯಕ್ಕೂ ಚಿತ್ರಕ್ಕೂ ಒಂದು ಭೇದವುಂಟು. ಅಕ್ಷರ ಸರಿಯಾಗಿದ್ದರೆ ಕಾವ್ಯ ಪೂರ್ಣವಾಗಿ ಬಂದಂತೆಯೇ. ಚಿತ್ರದಲ್ಲಿಯಾದರೋ ಬಣ್ಣ, ಅಳತೆ, ಮೇಲ್ಮೈ ಇವೆಲ್ಲವೂ ಅಕ್ಷರಗಳೇ. ಅವುಗಳಲ್ಲಿ ಒಂದು ಕೆಟ್ಟರೂ ಅಪಪಾಠವಾಗುತ್ತದೆ. ಹೀಗಿರುವಲ್ಲಿ, ಗ್ರಂಥದ ಒಳ್ಳೆಯ ಪಾಠವನ್ನು ಹುಡುಕುವ ವಿದ್ವಾಂಸರ ಶ್ರದ್ಧೆ ಚಿತ್ರವನ್ನು ಕೊಳ್ಳುವವರಿಗೂ ಬೇಕು.

ನಮ್ಮ ದೇಶದಲ್ಲಿ ಈ ಪ್ರತಿಗಳನ್ನು ಮನೆಮನೆಗೆ ತಲುಪಿಸಿದ ಕೀರ್ತಿ ಬಹುಮಟ್ಟಿಗೆ ರಾಜಾ ರವಿವರ್ಮನಿಗೆ ಸಲ್ಲಬೇಕು. ಆತನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, ಜರ್ಮನಿಯ ಕುಶಲಿಗಳ ನೆರವಿನಿಂದ ತನ್ನ ತೈಲಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದನು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದ ಆ ಕಲ್ಲುಗಳೆಲ್ಲದರ ಮೇಲೆ ಕ್ರಮವಾಗಿ ಹಾದುಬರಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ಲಕ್ಷ್ಮಿಯ ತುಟಿಯ ಕೆಂಪು ಕೆನ್ನೆಗೆ ಇಳಿಯುತ್ತದೆ. ಬೆಲೆ ಅಗ್ಗವಾದುದರಿಂದ ಅರಮನೆಯ ಚಿತ್ರ ಸಾಮಾನ್ಯರ ದೇವರ ಮನೆಗೂ ಬಂದಿತು. ಕೆಲವು ಮನೆಗಳಲ್ಲಿ ಹೆಂಗಸರು ಆ ದೇವಿಯರಿಗೆ ಜರತಾರಿಯ ತುಣುಕನ್ನೂ ಮಿಣುಕನ್ನೂ ಅಂಟಿಸಿ ಸೀರೆ ಉಡಿಸಿದ್ದೂ ಉಂಟು.

ದೊಡ್ಡಬಳ್ಳಾಪುರದ ನೇಕಾರರಿಗೆ ಈ ಕಲ್ಲಿನ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ಒಂದು ರಂಧ್ರ ತಪ್ಪಿದರೆ ಅಂಚಿನ ಹಂಸದ ಕೊಕ್ಕು ಎಲ್ಲಿಗೆ ಹೋಗುವುದೆಂದು ಅವರು ಬಲ್ಲರು. ಆ ಊರಿನಲ್ಲಿ ರೇಷ್ಮೆ ಸೀರೆ ಕೊಳ್ಳಹೋದ ಗೃಹಿಣಿಯನ್ನು ನೋಡಿರಿ. ಸೆರಗನ್ನು ಬಿಡಿಸುತ್ತಾಳೆ, ಬೆಳಕಿಗೆ ಹಿಡಿಯುತ್ತಾಳೆ, ಹಿಂಬದಿಯನ್ನು ತಿರುಗಿಸಿ ಎಳೆಗಳನ್ನು ಪರೀಕ್ಷಿಸುತ್ತಾಳೆ, ಜರಿ ಯಾವುದೆಂದು ಕೇಳುತ್ತಾಳೆ. ಚಿತ್ರದ ಅಂಗಡಿಯಲ್ಲಿ ನಾವು ಮಾಡಬೇಕಾದುದೂ ಇದೇ.

ಮೊದಲು ಕೇಳತಕ್ಕದ್ದು: ಇದು ಯಾರ ಚಿತ್ರ? ಈ ಪ್ರಶ್ನೆ ತೋರುವಷ್ಟು ಸುಲಭವಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ, ದೀಪವನ್ನು ಹಿಡಿದು, ಗಾಳಿಗೆ ಆರದಂತೆ ಅಂಗೈಯನ್ನು ಮರೆಮಾಡಿಕೊಂಡು ನಿಂತ ತರುಣಿಯ ಚಿತ್ರವೊಂದಿದೆ. ಅದನ್ನು ಅರಿಯದ ಕನ್ನಡಿಗರು ವಿರಳ. ಅದು ರವಿವರ್ಮನದೆಂದು ನಂಬಿರುವವರು ಲೆಕ್ಕವಿಲ್ಲ. ಹಾಗೆಂದೇ ಹೇಳಿ ಮಾರುವವರೂ ಉಂಟು. ಯಥಾರ್ಥವಾಗಿ ಅದು ಮಹಾರಾಷ್ಟ್ರದ ಸಾವಂತವಾಡಿಯಿಂದ ಬಂದ ಸಾವಳಾರಾಮ ಲಕ್ಷ್ಮಣ ಹಳದಣಕರರ ಕೃತಿ. 1945-46ರ ಸುಮಾರಿಗೆ ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದುದು. ರವಿವರ್ಮನು ತೀರಿಕೊಂಡದ್ದು 1906ರಲ್ಲಿ. ಸತ್ತು ನಲವತ್ತು ವರ್ಷವಾದವನ ಹೆಸರಿನಲ್ಲಿ ಬದುಕಿದ್ದವರ ಕೃತಿ ಪ್ರಸಿದ್ಧವಾಯಿತು! ಒಬ್ಬ ಕವಿಯ ಕಾವ್ಯಕ್ಕೆ ಇನ್ನೊಬ್ಬನ ಅಂಕಿತವನ್ನು ಹಾಕಿ ಅಚ್ಚುಮಾಡಿದರೆ ನಾವು ಸುಮ್ಮನಿರುತ್ತೇವೆಯೇ? ಚಿತ್ರಕಾರನಿಗೂ ಅಷ್ಟೇ ನ್ಯಾಯ ಸಲ್ಲತಕ್ಕದ್ದು. ಹಕ್ಕಿನ ವಿಚಾರವೂ ಇಲ್ಲಿ ಸೇರುತ್ತದೆ. ನಮ್ಮ ಕಾಯಿದೆಯ ಸಾಮಾನ್ಯ ನಿಯಮದಂತೆ ಕೃತಿಸ್ವಾಮ್ಯವು ಕಲಾವಿದನ ಮರಣಾನಂತರ 60 ವರ್ಷ ಉಳಿಯುತ್ತದೆ. ರವಿವರ್ಮನ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚುಮಾಡಬಹುದು. 1968ರಲ್ಲಿ ತೀರಿಕೊಂಡ ಹಳದಣಕರರ ವಿಷಯದಲ್ಲಿ ಆ ಲೆಕ್ಕ 2028ರ ಕೊನೆಯವರೆಗೆ ಹೋಗುತ್ತದೆ.

ಎರಡನೆಯದಾಗಿ, ಮೂಲವು ಯಾವ ಮಾಧ್ಯಮದ್ದೆಂದು ತಿಳಿಯಬೇಕು. ಈ ದೀಪದ ಚಿತ್ರ ಜಲವರ್ಣದ್ದು. ಅದರ ಚೆಲುವೆಲ್ಲ ತೆಳುವಾದ ಬಣ್ಣದ ಮೇಲೆ ಬಣ್ಣ ಹರಿದು ಕತ್ತಲೆ ಮೆಲ್ಲನೆ ಬೆಳಕಾಗುವುದರಲ್ಲಿದೆ. ಅದನ್ನು ಒರಟು ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಮೇಲೆ ಮಿರುಗುವ ವಾರ್ನಿಷನ್ನು ಬಳಿದು, ತೈಲಚಿತ್ರದ ವೇಷ ಹಾಕಿ ಮಾರುತ್ತಾರೆ. ಬೆಲೆ ಹೆಚ್ಚುತ್ತದೆ, ಚಿತ್ರ ಕೆಡುತ್ತದೆ. ಜಲವರ್ಣದ ಪ್ರತಿಗೆ ಹೊಳಪಿಲ್ಲದ ಒಳ್ಳೆಯ ಕಾಗದವೇ ತಕ್ಕದ್ದು. ತೈಲಚಿತ್ರವನ್ನು ಬೇಕಾದರೆ ಕ್ಯಾನ್ವಾಸಿನ ಮೇಲೆ ತೆಗೆದುಕೊಳ್ಳಬಹುದು. ಇನ್ನು ಬಣ್ಣದ ಪರೀಕ್ಷೆ. ಆ ತರುಣಿಯ ಬೆರಳುಗಳನ್ನು ನೋಡಿರಿ. ಜ್ವಾಲೆಯ ಬೆಳಕು ಬೆರಳ ಸಂದಿಯಲ್ಲಿ ಕೆಂಪಾಗಿ ಸೋಸಿ ಬರುವುದು ಬಿಡಿಬಿಡಿಯಾಗಿ ಕಾಣಬೇಕು. ಕೆಟ್ಟ ಪ್ರತಿಯಲ್ಲಿ ಕೈಯೆಲ್ಲ ಒಂದೇ ಕೆಂಪು ಮುದ್ದೆಯಾಗುತ್ತದೆ, ಮುಖಕ್ಕೆ ಅರಿಶಿನ ಬಳಿದಂತಾಗುತ್ತದೆ, ಸೀರೆಯ ನೆರಿಗೆಗಳು ಕತ್ತಲೆಯಲ್ಲಿ ಕಳೆದುಹೋಗುತ್ತವೆ.

ಮೂರನೆಯದು ಆಕಾರ. ಅದೇ ಚಿತ್ರಶಾಲೆಯಲ್ಲಿ ರವಿವರ್ಮನ 1889ರ ತೈಲಚಿತ್ರವೊಂದಿದೆ; ದೇಶದ ಬೇರೆ ಬೇರೆ ಸೀಮೆಗಳ ಉಡುಪನ್ನುಟ್ಟ ಹನ್ನೊಂದು ಮಂದಿ ಸ್ತ್ರೀಯರ ಗಾಯನಗೋಷ್ಠಿ. ಸಿದ್ಧವಾಗಿರುವ ಚೌಕಟ್ಟಿಗೆ ಹೊಂದಲೆಂದು ಅಂಚನ್ನು ಕತ್ತರಿಸಿದರೆ ಗೋಷ್ಠಿಯಿಂದ ಒಬ್ಬಾಕೆಯನ್ನು ಎಬ್ಬಿಸಿ ಕಳುಹಿಸಿದಂತೆಯೇ. ಆದುದರಿಂದ ಮೂಲದ ಉದ್ದಗಲಗಳನ್ನು ತಿಳಿದು, ಪ್ರತಿ ಚಿಕ್ಕದಾದರೂ ಅದೇ ಪ್ರಮಾಣದಲ್ಲಿರುವಂತೆ ನೋಡಿಕೊಳ್ಳಬೇಕು. ಚೌಕಟ್ಟು ಚಿತ್ರಕ್ಕೆ ಹೊಂದಬೇಕೇ ಹೊರತು ಚಿತ್ರ ಚೌಕಟ್ಟಿಗಲ್ಲ.

ಹಳೆಯ ರವಿವರ್ಮ ಮುದ್ರಣವೆಂದು ಹೇಳಿ ದೊಡ್ಡ ಬೆಲೆ ಕೇಳಿದಾಗ ಭೂತಗನ್ನಡಿಯೊಂದು ಜೇಬಿನಲ್ಲಿರಲಿ. ಕಲ್ಲಚ್ಚಿನ ಚುಕ್ಕೆಗಳು ಮರಳು ಚೆಲ್ಲಿದಂತೆ ಕ್ರಮವಿಲ್ಲದೆ ಇರುತ್ತವೆ. ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಸಾಲುಸಾಲಾಗಿ, ಪುಟ್ಟ ಹೂವುಗಳಂತೆ ಗುಂಪುಗೂಡಿರುತ್ತವೆ. ಎರಡನೆಯದು ಕಂಡರೆ ಅದು ಈಚಿನದೆಂದು ತಿಳಿಯಿರಿ. ಈಚಿನದೆಂದು ಹೇಳಿ ಮಾರಿದರೆ ದೋಷವಿಲ್ಲ. ದೋಷವಿರುವುದು ಹಳೆಯದೆಂದು ಹೇಳುವುದರಲ್ಲಿ.

ಇನ್ನೊಂದು ಮಾತನ್ನು ದೇವನಹಳ್ಳಿಯ ನೆಪದಿಂದ ಹೇಳಬೇಕಾಗಿದೆ. ಟೀಪೂ ಸುಲ್ತಾನನು ಹುಟ್ಟಿದ ಊರು ಅದು. ಆ ಸೀಮೆಯವರು ತಮ್ಮ ಇತಿಹಾಸದ ಚಿತ್ರವೊಂದನ್ನು ಮನೆಯಲ್ಲಿಡಬೇಕೆಂದು ಬಯಸುವುದು ಸಹಜ. ಆತನ ಇಬ್ಬರು ಮಕ್ಕಳನ್ನು 1792ರಲ್ಲಿ ಕಾರ್ನ್‌ವಾಲಿಸನು ಒತ್ತೆಯಾಗಿ ಪಡೆದ ಪ್ರಸಂಗವನ್ನು ಹಲವರು ಬರೆದಿದ್ದಾರೆ. ಅವರಲ್ಲಿ ರಾಬರ್ಟ್ ಹೋಮ್ ಎಂಬಾತನು ಆ ಸೇನೆಯೊಡನೆ ನಮ್ಮ ಸೀಮೆಗೆ ಬಂದಿದ್ದವನು. ಮಾಥರ್ ಬ್ರೌನ್ ಎಂಬಾತನು ಇಂಡಿಯವನ್ನೇ ಕಾಣದೆ ಲಂಡನ್ನಿನಲ್ಲಿ ಕುಳಿತು ಬರೆದವನು. ಇಬ್ಬರದೂ ಅಂಗಡಿಯ ಪಟ್ಟಿಯಲ್ಲಿ ಒಂದೇ ಬೆಲೆಗೆ ಅಕ್ಕಪಕ್ಕದಲ್ಲಿರಬಹುದು. ಕಂಡು ಬರೆದವನದೂ ಗೆದ್ದ ಪಕ್ಷದ ಕಣ್ಣೇ ಎಂಬುದನ್ನು ಮರೆಯಲಾಗದು. ಆದರೂ ಕಂಡದ್ದು ಯಾವುದು, ಕಲ್ಪಿಸಿದ್ದು ಯಾವುದು ಎಂದು ತಿಳಿದು ಕೊಳ್ಳುವುದು ಒಂದು ರೀತಿ, ತಿಳಿಯದೆ ಕೊಳ್ಳುವುದು ಇನ್ನೊಂದು ರೀತಿ.

ಕೊಂಡ ಮೇಲೆ ಕಾಪಾಡುವ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಈಗ ಕಂಪ್ಯೂಟರಿನ ಸಹಾಯದಿಂದ ಶಾಯಿಯನ್ನು ಸಿಂಪಡಿಸಿ ಮಾಡುವ ಉತ್ತಮ ಪ್ರತಿಗಳು ದೊರೆಯುತ್ತವೆ. ಅವುಗಳಲ್ಲಿ ವರ್ಣದ್ರವ್ಯದ ಶಾಯಿಯಿಂದ, ಆಮ್ಲವಿಲ್ಲದ ಹತ್ತಿಯ ಕಾಗದದ ಮೇಲೆ ಮಾಡಿದುವು ಬಹುಕಾಲ ಬಾಳುತ್ತವೆ. ಸಾಮಾನ್ಯವಾದ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಚಿತ್ರ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚನ್ನು ಇಡಿಸಿರಿ. ಆ ರಟ್ಟೂ ಆಮ್ಲವಿಲ್ಲದ್ದಾಗಿರಲಿ. ಅಂಟು ಹಚ್ಚಿ ಹಲಗೆಗೆ ಮೆತ್ತಿಸಬೇಡಿರಿ. ಹೊಸ ಮನೆಯ ಹಸಿಗೋಡೆಗೆ ಒಂದು ಬೇಸಗೆ ಕಳೆಯುವವರೆಗೆ ಚಿತ್ರವನ್ನು ತೂಗಹಾಕದಿರುವುದೇ ಕ್ಷೇಮ.

ಕಡೆಯದಾಗಿ ಒಂದು ಬಿನ್ನಹ. ಚೌಕಟ್ಟಿನ ಹಿಂದೆ ಒಂದು ಚಿಕ್ಕ ಚೀಟಿ ಇರಲಿ. ಚಿತ್ರಕಾರನ ಹೆಸರು, ಮೂಲವನ್ನು ಬರೆದ ವರ್ಷ, ಮಾಧ್ಯಮ, ಅದು ಈಗ ಇರುವ ಸ್ಥಳ, ಈ ಪ್ರತಿಯಾದ ವರ್ಷ, ಇಷ್ಟನ್ನು ನಿಮ್ಮ ಕೈಯಿಂದಲೇ ಬರೆದು ಇಡಿರಿ. ಹೆಚ್ಚಿನ ಖರ್ಚಿನ ಕೆಲಸವಲ್ಲ. ನಾಳೆ ಮಗುವೊಂದು ದೀಪ ಹಿಡಿದ ಆ ತರುಣಿಯನ್ನು ತೋರಿಸಿ ಇದನ್ನು ಬರೆದವರು ಯಾರೆಂದು ಕೇಳಿದಾಗ ಮನೆಯಲ್ಲಿ ಸರಿಯಾದ ಉತ್ತರ ದೊರೆಯುತ್ತದೆ. ಬಿಡುವಾದಾಗ ಅದೇ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಮೂಲದ ಎದುರಿಗೆ ನಿಲ್ಲಿಸಿರಿ. ನಮ್ಮ ಪ್ರತಿಯಲ್ಲಿ ಏನು ಬಂದಿದೆ, ಏನು ಬಂದಿಲ್ಲ ಎಂಬುದನ್ನು ಅದು ತಾನಾಗಿಯೇ ಕಂಡುಕೊಳ್ಳುತ್ತದೆ.