ಸೋತ ಮೂತ್ರಪಿಂಡ, ತಾಳ ತಪ್ಪುವ ಹೃದಯ



ನೂರು ತುಂಬಿದ ಶಾಲೆಯ ಸಂಭ್ರಮದಲ್ಲಿ ರೋಗದ ಮಾತೇಕೆ ಎಂದು ಕೆಲವರಿಗೆ ಅನಿಸೀತು. ನನ್ನ ಅಣ್ಣನವರ ಮೂತ್ರಪಿಂಡಗಳು ಸಕ್ಕರೆ ಕಾಯಿಲೆಯಿಂದ ದುರ್ಬಲವಾಗಿದ್ದವು. ಹರೂರಿನ ಬಿಸಿಲಿಗೆ ತಂಪಾಗಲೆಂದು ದಿನಕ್ಕೆರಡು ಎಳನೀರು ಕೊಟ್ಟವಳು ನಾನೇ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಸೋಡಿಯಂ ಕಡಿಮೆಯಿರುವ ಉಪ್ಪನ್ನು ತಂದವಳೂ ನಾನೇ. ಒಂದು ಸಂಜೆ ಅವರ ಕೈಕಾಲು ಸೋತು, ನಾಡಿ ತಾಳ ತಪ್ಪಿತು. ಸಕಾಲಕ್ಕೆ ಆಸ್ಪತ್ರೆ ಸೇರಿದ್ದರಿಂದ ಉಳಿದರು.

ಎಳನೀರಿನಲ್ಲಿಯೂ ಆ ಬಗೆಯ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಹೇರಳ. ಹೆಚ್ಚಾದುದನ್ನು ಆರೋಗ್ಯವಂತ ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಸೋತಾಗ ಅದು ರಕ್ತದಲ್ಲಿಯೇ ಉಳಿದು, ಹೃದಯವನ್ನು ಮಿಡಿಸುವ ವಿದ್ಯುತ್ ಸಂಚಾರವನ್ನು ಕೆಡಿಸುತ್ತದೆ. ಮತ್ತೊಂದು ಅಪಾಯವೂ ಉಂಟು. ಏರಿದ ರಕ್ತದೊತ್ತಡ ಮತ್ತು ದೇಹದಲ್ಲಿ ನಿಂತ ನೀರಿನಿಂದ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಅವು ಕ್ರಮತಪ್ಪಿ ಅದುರತೊಡಗಿದರೆ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಸಾಗಿ ಪಾರ್ಶ್ವವಾಯು ತರಬಹುದು.

ಏನು ತಿನ್ನಬೇಕೆಂಬುದನ್ನು ನೆರೆಹೊರೆಯವರಲ್ಲ, ರಕ್ತಪರೀಕ್ಷೆ ನೋಡಿದ ವೈದ್ಯರೇ ಹೇಳಬೇಕು. ದಿನದ ಉಪ್ಪು 5 ಗ್ರಾಂ ಮೀರದಿರಲಿ. ನಮ್ಮ ಮಾವಿನ ಉಪ್ಪಿನಕಾಯಿ ಆ ಲೆಕ್ಕದ ಹೊರಗಿಲ್ಲ! ನಡಿಗೆ ಇರಲಿ, ಬೀಡಿ ಬೇಡ, ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗುವುದು ಬೇಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಹಾಗೂ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿರಿ. 2021ರ ಆಗಸ್ಟ್ 5ರಂದು ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಡಿ ಈ ಎರಡು ಕಾಯಿಲೆಗಳ ಮಾತ್ರೆಗಳು ಮನೆಬಾಗಿಲಿಗೇ ಬರುತ್ತವೆ. ನುಂಗಬೇಕಾದವರು ಮಾತ್ರ ನಾವೇ.

ಮಣಿಕಟ್ಟಿನಲ್ಲಿ ನಾಡಿ ಎಣಿಸುವುದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಕಲಿಸಿದ್ದೇವೆ. ಇಂದು ಸಂಜೆ ಅವರು ಮನೆಯ ಹಿರಿಯರ ಬಳಿ ಬರುತ್ತಾರೆ. ದಯಮಾಡಿ ಕೈ ಚಾಚಿರಿ.