ಅಜ್ಜಿ ಸರಿಯಾಗಿಯೇ ಓದಿದ್ದಳು



ಇವತ್ತು ರಾಜೀನಾಮೆ ಇಲ್ಲ, ಬಂಡಾಯ ಇಲ್ಲ, ರೆಸಾರ್ಟೂ ಇಲ್ಲ. ಇವತ್ತು ಒಂದು ಬೋರ್ಡಿನ ಕಥೆ. ಆಸ್ಪತ್ರೆಯ ಗೋಡೆ ಮೇಲಿರುವ ಬೋರ್ಡು. ಅದರಲ್ಲೇನು ಸುದ್ದಿ ಅಂತೀರಾ? ಸ್ವಲ್ಪ ಕೇಳಿ.

ನಮ್ಮ ಅಜ್ಜಿಯ ಊರು ಕೋಲಾರ ತಾಲ್ಲೂಕಿನ ಸುಗಟೂರು. ಹಿಂದೆ ಪಾಳೇಗಾರರಿಂದ ಹೆಸರಾದ ಊರು. ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಆದರೆ ತಪ್ಪು ಬಸ್ ಹತ್ತಿದವಳಲ್ಲ, ಸಂತೆಯಲ್ಲಿ ಚಿಲ್ಲರೆಗೆ ಮೋಸ ಹೋದವಳಲ್ಲ. ನೋಟನ್ನು ಬಣ್ಣ ನೋಡಿ ಹೇಳುತ್ತಿದ್ದಳು, ಓಟನ್ನು ಗುರುತು ನೋಡಿ ಹಾಕುತ್ತಿದ್ದಳು.

ನಾನಾಗ ಬೆಂಗಳೂರಿನ ಹಾಸ್ಟೆಲಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ಅಜ್ಜಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳ ಸಂದಿಯಲ್ಲಿ ಒಂದು ಗಾಯ, ಮಾಯ್ತಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಸರ್ಜರಿ ವಿಭಾಗದಲ್ಲಿ ತೋರಿಸಿ ಅಂತ ಡಾಕ್ಟರೊಬ್ಬರು ಚೀಟಿ ಬರೆದುಕೊಟ್ಟರು. ಅಜ್ಜಿ ಒಬ್ಬಳೇ ಹೊರಟಳು. ಯಾವ ಆಸ್ಪತ್ರೆ ಅನ್ನೋದು ಬೇಡ. ಎಲ್ಲಿ ಬೇಕಾದರೂ ಆಗಬಹುದಾದ ಕಥೆ ಇದು.

ಉದ್ದನೆಯ ಕಾರಿಡಾರು. ಬಾಗಿಲಿಗೊಂದು ಬೋರ್ಡು, ಅಕ್ಷರದ ಪಕ್ಕ ಒಂದು ಚಿತ್ರ. ಅಜ್ಜಿ ಚಿತ್ರ ನೋಡುತ್ತಾ ಹೋದಳು. ಒಂದು ಕಡೆ ಕಾಲಿನ ಚಿತ್ರ ಕಾಣಿಸಿತು. ನೋವು ಕಾಲಿಗೆ, ಬೋರ್ಡಲ್ಲಿ ಕಾಲು. ಅಲ್ಲೇ ಕೂತಳು. ಸರದಿ ಬರೋ ಹೊತ್ತಿಗೆ ಮಧ್ಯಾಹ್ನ. ಒಳಗೆ ಹೋದರೆ, ‘ಇದು ಮೂಳೆ ವಿಭಾಗ ಕಣಮ್ಮ, ಸರ್ಜರಿ ಆ ಕಡೆ’ ಅಂದರು. ಆ ಕಡೆ ಹೋಗುವಷ್ಟರಲ್ಲಿ ಓಪಿಡಿ ಮುಗಿದಿತ್ತು. ಅಜ್ಜಿ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಬಸ್ ಹತ್ತಿದಳು.

ಮತ್ತೆ ಹೋಗಿದ್ದು ಹನ್ನೆರಡು ದಿನದ ಮೇಲೆ, ಮಾವನಿಗೆ ಬಿಡುವಾದಾಗ. ಎರಡು ಬೆರಳು ತೆಗೆದರು. ಮೊದಲ ದಿನವೇ ತೋರಿಸಿದ್ದರೆ ಉಳೀತಿತ್ತಾ? ನನಗೆ ಗೊತ್ತಿಲ್ಲ, ಡಾಕ್ಟರೂ ಹೇಳಲಿಲ್ಲ. ‘ಯಾರನ್ನಾದರೂ ಕೇಳಬಾರದಿತ್ತಾ ಅಜ್ಜಿ?’ ಅಂತ ನಾನು ರೇಗಿದ್ದೆ. ಅಜ್ಜಿ ಹೇಳಿದ್ದು ಇಷ್ಟು: ‘ಕೇಳ್ದೆ ಕಣಪ್ಪಾ. ಬೋರ್ಡ್ ಐತಲ್ಲ, ನೋಡ್ಕೊಂಡು ಹೋಗು ಅಂದ್ರು. ನೋಡ್ಕೊಂಡೇ ಹೋದೆ.’

ಆಕೆ ತಪ್ಪು ಓದಲಿಲ್ಲ ವೀಕ್ಷಕರೇ. ಬೋರ್ಡು ತಪ್ಪು ಹೇಳಿತ್ತು.

2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 74. ಅಂದರೆ ಆಗ ನಾಲ್ಕರಲ್ಲಿ ಒಬ್ಬರಿಗೆ ಬೋರ್ಡಿನ ಅಕ್ಷರ ಬರೀ ಗೆರೆ. ಇನ್ನು ಭಾಷೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಕೋಲಾರ ಪೇಟೆಯಲ್ಲಿ ಉರ್ದು. ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ಬಂದವರು ಹಿಂದಿ, ಒಡಿಯಾ ಮಾತಾಡ್ತಾರೆ. ಕನ್ನಡ ಮೊದಲು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರ ಬಂದು ನಿಂತವನಿಗೆ ಅಕ್ಷರ ಒಂದೇ ಸಾಲದು. ಚಿತ್ರ ಬೇಕು.

ಹಾಗಾದರೆ ಚಿತ್ರ ಹಾಕಿದರೆ ಮುಗೀತಾ? ಇಂಜಿನಿಯರಿಂಗ್ ಓದಿದ ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಚಾನೆಲ್ಲಿನ ಗ್ರಾಫಿಕ್ಸ್ ಹುಡುಗರ ಹತ್ತಿರ ಕೆಲವು ಚಿತ್ರ ಬರೆಸಿ ಸುಗಟೂರಿಗೆ ತೆಗೆದುಕೊಂಡು ಹೋದೆ. ಬಸ್ಸಿಗೆ ಕಾಯ್ತಿದ್ದವರಿಗೆ ತೋರಿಸಿದೆ. ಹಲ್ಲು, ಕಣ್ಣು, ಬಸುರಿ ಹೆಂಗಸು, ಈ ಮೂರು ಎಲ್ಲರಿಗೂ ತಕ್ಷಣ ಗೊತ್ತಾಯಿತು. ಮಿದುಳಿನ ಚಿತ್ರಕ್ಕೆ ಒಬ್ಬರು ‘ಹೂಕೋಸು’ ಅಂದರು. ಎರಡು ಕಿಡ್ನಿ ನೋಡಿ ಒಬ್ಬ ಅಮ್ಮ, ‘ಅವರೆಕಾಳು. ಊಟದ ಮನೆ ಇರಬೇಕು’ ಅಂದರು. ಎಕ್ಸ್‌ರೇ ಕೋಣೆಯ ಮೂರು ರೆಕ್ಕೆಯ ಗುರುತು ‘ಫ್ಯಾನು’ ಆಯಿತು.

ನಗಬೇಡಿ. ಆ ಮೂರು ರೆಕ್ಕೆಯ ವಿಕಿರಣ ಗುರುತು ಹುಟ್ಟಿದ್ದು 1946ರಲ್ಲಿ, ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ. ಅದನ್ನು ನೋಡಿ ಜನಸಾಮಾನ್ಯರಿಗೆ ಅಪಾಯ ಅಂತ ಅನ್ನಿಸೋದೇ ಇಲ್ಲ ಅನ್ನೋದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೂ ಅರಿವಾಯಿತು. 11 ದೇಶಗಳ ಜನರಿಗೆ ಬೇರೆ ಬೇರೆ ಚಿತ್ರ ತೋರಿಸಿ ಕೇಳಿದರು. 2007ರಲ್ಲಿ, ತೀರಾ ಅಪಾಯಕಾರಿ ವಿಕಿರಣ ಮೂಲಗಳ ಮೇಲೆ ಹಾಕೋದಕ್ಕೆ ಹೊಸ ಗುರುತು ಬಂತು. ಅದರಲ್ಲಿ ರೆಕ್ಕೆಯ ಜೊತೆಗೆ ತಲೆಬುರುಡೆ ಇದೆ, ಓಡಿಹೋಗುವ ಮನುಷ್ಯ ಇದ್ದಾನೆ. ವಿಜ್ಞಾನಿಗಳೇ ತಿದ್ದಿಕೊಂಡರು ಅಂದ ಮೇಲೆ ನಮ್ಮ ಬೋರ್ಡು ತಿದ್ದೋದಕ್ಕೆ ನಾಚಿಕೆ ಯಾಕೆ?

ಗುರುತಿನಲ್ಲಿ ಎರಡು ಬಗೆ. ಒಂದು, ಕಲಿಸಿದ ಗುರುತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದು ಬಾರದ ಕೋಟ್ಯಂತರ ಜನ ಓಟು ಹಾಕಿದ್ದು ಜೋಡೆತ್ತಿನಂಥ ಗುರುತು ನೋಡಿ. ಕುಟುಂಬ ಯೋಜನೆಯ ಕೆಂಪು ತ್ರಿಕೋನಕ್ಕೂ ಸಂಸಾರಕ್ಕೂ ಏನು ಸಂಬಂಧ? ಏನೂ ಇಲ್ಲ. ಊರೂರ ಗೋಡೆ ಮೇಲೆ ಒಂದೇ ಥರ ಬರೆದರು, ಜನ ಕಲಿತರು. 108 ಕೂಡ ಹಾಗೇ. ಎಲ್ಲ ಜಿಲ್ಲೆಗೂ ಒಂದೇ ನಂಬರು, ಮಕ್ಕಳಿಗೂ ಗೊತ್ತು.

ಇನ್ನೊಂದು, ತಾನೇ ಮಾತಾಡುವ ಗುರುತು. ಮೊದಲ ಸಲ ನೋಡಿದವನಿಗೂ ಅರ್ಥವಾಗಬೇಕು. ಆಸ್ಪತ್ರೆಗೆ ಬೇಕಾದ್ದು ಇದು. ಯಾಕಂದ್ರೆ ರೋಗಿಗೆ ಅಲ್ಲಿ ಕಲಿಯುವಷ್ಟು ಹೊತ್ತಿಲ್ಲ.

ಇದನ್ನು ಮಾಡಿದವರು ಇದ್ದಾರೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ರೋಗಿಗಳ ಪರದಾಟ ನೋಡಿ ‘ಆಬ್ಲಾಮೋಸ್ ಹುಂಟೋಸ್’ ಅನ್ನೋ ಯೋಜನೆಯವರು ಆಸ್ಪತ್ರೆಗಾಗಿ 28 ಚಿತ್ರಸಂಕೇತ ಮಾಡಿದರು, ಬೇರೆ ಬೇರೆ ಭಾಷೆಯವರಿಗೆ ತೋರಿಸಿ ಪರೀಕ್ಷಿಸಿದರು. ನಮ್ಮಲ್ಲೂ ಐಐಟಿ ಬಾಂಬೆಯ ವಿನ್ಯಾಸ ವಿಭಾಗದ ರವಿ ಪೂವಯ್ಯ ಆಸ್ಪತ್ರೆಗಳಿಗೆ ಅಂತಲೇ ಸಂಕೇತಗಳನ್ನು ರೂಪಿಸಿದ್ದಾರೆ.

ಪರೀಕ್ಷೆ ಅಂದರೆ ದೊಡ್ಡ ವಿದ್ಯೆಯೇನಲ್ಲ. ಚಿತ್ರ ತೋರಿಸಿ, ‘ಇದು ಏನು, ಇಲ್ಲಿ ಏನು ಸಿಗುತ್ತೆ?’ ಅಂತ ಕೇಳೋದು. ಉತ್ತರವನ್ನು ನಾವು ಹೇಳಿಕೊಡಬಾರದು, ಅಷ್ಟೇ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನದಂಡದಲ್ಲಿ ನೂರಕ್ಕೆ 85 ಜನ ಸರಿಯಾಗಿ ಹೇಳಬೇಕು, ಅಪಾಯ ತರುವಂಥ ತಪ್ಪು ಅರ್ಥ ಮಾಡಿಕೊಂಡವರು 5ಕ್ಕಿಂತ ಹೆಚ್ಚಿರಬಾರದು. ಈ ಎರಡನೇ ಲೆಕ್ಕ ನೋಡಿ. ಅರ್ಥವಾಗದ ಚಿತ್ರಕ್ಕಿಂತ ತಪ್ಪು ಅರ್ಥ ಕೊಡುವ ಚಿತ್ರ ಕೆಟ್ಟದ್ದು. ಅರ್ಥವಾಗದವನು ಇನ್ನೊಬ್ಬರನ್ನು ಕೇಳ್ತಾನೆ. ತಪ್ಪು ಅರ್ಥವಾದವನು ಧೈರ್ಯವಾಗಿ ತಪ್ಪು ಬಾಗಿಲಲ್ಲಿ ಕೂರ್ತಾನೆ. ನಮ್ಮಜ್ಜಿ ಕೂತ ಹಾಗೆ.

ಸುಗಟೂರಿನ ಬಸ್ ಸ್ಟಾಪು ನನಗೆ ಇನ್ನೂ ಒಂದು ಪಾಠ ಹೇಳಿತು. ಡಾಕ್ಟರು ದೇಹದ ಒಳಗಿರೋದನ್ನು ಬರೆಸ್ತಾರೆ: ಕಿಡ್ನಿ, ಮಿದುಳು, ಗರ್ಭಕೋಶ. ರೋಗಿಗೆ ಗೊತ್ತಿರೋದು ಹೊರಗಿಂದು: ಎಲ್ಲಿ ನೋವು, ಅಲ್ಲಿ ಏನು ಮಾಡ್ತಾರೆ. ಎಕ್ಸ್‌ರೇ ಕೋಣೆಗೆ ಫ್ಯಾನಿನ ಗುರುತಿನ ಜೊತೆ ಮೂಳೆ ಕಾಣುವ ಒಂದು ಹಸ್ತ ಬರೆಯಿರಿ. ಮೂಳೆ ವಿಭಾಗಕ್ಕೆ ಬರೀ ಕಾಲು ಬೇಡ, ಮುರಿದ ಮೂಳೆ, ಪಟ್ಟಿ ಕಟ್ಟಿದ ಕಾಲು ಬರೆಯಿರಿ. ಸರ್ಜರಿಗೆ ಯಾವ ಚಿತ್ರ? ನಮ್ಮ ಹುಡುಗರು ಕತ್ತರಿ ಬರೆದಿದ್ದರು. ಅಲ್ಲಿದ್ದವರು ‘ಟೈಲರು’, ‘ಕ್ಷೌರದಂಗಡಿ’ ಅಂದರು. ಕೆಲವಕ್ಕೆ ಚಿತ್ರವೇ ಸಾಕಾಗಲ್ಲ. ಅಲ್ಲಿ ದೊಡ್ಡದಾಗಿ ಒಂದು ಅಂಕಿ, ನೆಲದ ಮೇಲೆ ಒಂದು ಬಣ್ಣದ ಪಟ್ಟಿ, ಚೀಟಿಯ ಮೇಲೆ ಅದೇ ಅಂಕಿ, ಅದೇ ಬಣ್ಣ. ಜೊತೆಗೆ ‘ಬಾಮ್ಮ, ಇಲ್ಲಿ’ ಅನ್ನೋ ಒಬ್ಬ ಮನುಷ್ಯ.

ಸರ್ಕಾರಕ್ಕೆ ನನ್ನದು ಕೋಟಿ ರೂಪಾಯಿಯ ಬೇಡಿಕೆ ಅಲ್ಲ. ರಾಜ್ಯದ ಎಲ್ಲ ಆಸ್ಪತ್ರೆಗೂ ಒಂದೇ ಥರದ ಗುರುತು ಮಾಡಿ. ಪ್ರಿಂಟ್ ಹಾಕೋ ಮುಂಚೆ ಒಂದು ದಿನ ಯಾವುದಾದರೂ ಹಳ್ಳಿ ಬಸ್ ಸ್ಟಾಪಿನಲ್ಲಿ ನಿಂತು ಜನರನ್ನು ಕೇಳಿ. ಎಸಿ ರೂಮಿನಲ್ಲಿ ಕೂತು ಓಕೆ ಮಾಡಬೇಡಿ.

ನೀವೂ ಒಂದು ಕೆಲಸ ಮಾಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬೋರ್ಡು ನೋಡುತ್ತಾ ನಿಂತವರು ಕಂಡರೆ, ‘ಎಲ್ಲಿಗೆ ಹೋಗಬೇಕಮ್ಮ?’ ಅಂತ ಕೇಳಿ. ಬೋರ್ಡು ಸರಿ ಹೋಗೋವರೆಗೆ ಅಷ್ಟಾದರೂ ನಮ್ಮ ಕೈಲಾಗುತ್ತೆ.